ಜಲಾಶಯದ ಕಾಣದ ಲೆಕ್ಕ

ಜಲಾಶಯದಿಂದ ಒಂದು ಮಿಲಿಲೀಟರ್ ನೀರು ತೆಗೆದುಕೊಳ್ಳಿ. ಇಪ್ಪತ್ತು ಹನಿಗಳಷ್ಟು. ಅದರಲ್ಲಿ ಸಾಮಾನ್ಯವಾಗಿ ಹತ್ತು ಲಕ್ಷಕ್ಕೂ ಮೀರಿ ಬ್ಯಾಕ್ಟೀರಿಯಾಗಳಿರುತ್ತವೆ. ಅವು ದಿನಕ್ಕೊಮ್ಮೆ ಇಮ್ಮಡಿಯಾದರೂ ಹತ್ತೇ ದಿನಗಳಲ್ಲಿ ಸಾವಿರ ಪಟ್ಟಾಗಬೇಕು. ಹಾಗಾಗುವುದಿಲ್ಲ. ಹೆಚ್ಚಿದವು ಎಲ್ಲಿ ಹೋದವು?

ತಿನ್ನುವವರು ಮನುಷ್ಯನ ಕಣ್ಣಿಗೆ ಬಿದ್ದು ಬಹಳ ಕಾಲವಾಗಿದೆ. 1674ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್ ಹತ್ತಿರದ ಸರೋವರದ ನೀರನ್ನು ತಾನೇ ತಯಾರಿಸಿದ ಮಸೂರದಲ್ಲಿ ನೋಡಿ, ಓಡಾಡುವ ಏಕಕೋಶ ಜೀವಿಗಳನ್ನು ಕಂಡ. 1676ರಲ್ಲಿ ಬ್ಯಾಕ್ಟೀರಿಯಾಗಳನ್ನೂ ವರ್ಣಿಸಿದ. ಆದರೆ ಇವೆರಡರ ನಡುವಿನ ವ್ಯವಹಾರ ಎಷ್ಟು ದೊಡ್ಡದೆಂದು ತಿಳಿಯಲು ಮುನ್ನೂರು ವರ್ಷ ಕಾಯಬೇಕಾಯಿತು.

ಕಾರಣ, ಎಣಿಕೆಯ ದೋಷ. ನೀರಿನ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಬೆಳೆದವನ್ನಷ್ಟೇ ಎಣಿಸಿದವರಿಗೆ ಲಕ್ಷಗಳು ನೂರಾಗಿ ಕಂಡವು. 1970ರ ದಶಕದಲ್ಲಿ ಹೊಳೆಯುವ ಬಣ್ಣ ಹಚ್ಚಿ ನೇರವಾಗಿ ಎಣಿಸುವ ವಿಧಾನ ಸುಧಾರಿಸಿದಾಗ ನಿಜ ಸಂಖ್ಯೆ ಹೊರಬಿತ್ತು. 1983ರಲ್ಲಿ ಫಾರೂಕ್ ಅಜಮ್ ಮತ್ತು ಸಂಗಡಿಗರು ಕಡಲಿನಲ್ಲಿ ಬ್ಯಾಕ್ಟೀರಿಯಾಗಳಿಂದ ಹೊರಟು, ಅವನ್ನು ತಿನ್ನುವ ಸೂಕ್ಷ್ಮಜೀವಿಗಳ ಮೂಲಕ ಸಾಗುವ ಆಹಾರದ ದಾರಿಯೊಂದನ್ನು ವಿವರಿಸಿದರು.

ಸಿಹಿನೀರಿನಲ್ಲೂ ಹೀಗೆಯೇ? ದಕ್ಷಿಣ ಬೊಹೆಮಿಯಾದಲ್ಲಿ ಕುಡಿಯುವ ನೀರೊದಗಿಸುವ ರ್ಜಿಮೊವ್ ಜಲಾಶಯದಲ್ಲಿ ಕಾರೆಲ್ ಶಿಮೆಕ್ ಮತ್ತು ಸಹೋದ್ಯೋಗಿಗಳು ಇದನ್ನು ಪರೀಕ್ಷಿಸಿದರು. ಅವರ ನೆರವಿಗೆ ಬಂದದ್ದು ಅಮೆರಿಕದಲ್ಲಿ 1987ರಲ್ಲಿ ಪ್ರಕಟವಾದ ಒಂದು ಉಪಾಯ: ಹೊಳೆಯುವ ಬಣ್ಣ ಹಚ್ಚಿದ ಬ್ಯಾಕ್ಟೀರಿಯಾಗಳನ್ನು ನೀರಿಗೆ ಬೆರೆಸಿ, ಸ್ವಲ್ಪ ಹೊತ್ತಿನ ನಂತರ ಯಾರ ಹೊಟ್ಟೆಯಲ್ಲಿ ಎಷ್ಟು ಹೊಳೆಯುತ್ತಿವೆಯೆಂದು ಎಣಿಸುವುದು. ಚಿತ್ರವೇ ಸಾಕ್ಷಿ ಎನ್ನುವ ನಮ್ಮ ಮಾಧ್ಯಮದವರಿಗೆ ಇದು ಮೆಚ್ಚುಗೆಯಾಗದಿರದು.

ಚಾವಟಿಯಂಥ ಕಶಾಂಗ ಬೀಸಿ ನೀರನ್ನು ಬಳಿಗೆಳೆದುಕೊಳ್ಳುವ ಪುಟ್ಟ ಜೀವಿಗಳು ಗಂಟೆಗೆ ಹತ್ತಾರು ಬ್ಯಾಕ್ಟೀರಿಯಾಗಳನ್ನು ತಿನ್ನುತ್ತವೆ. ಅವುಗಳಿಗಿಂತ ದೊಡ್ಡದಾದ, ಜಿಗಿಯುತ್ತ ಈಜುವ ಹಾಲ್ಟೇರಿಯಾ ನೂರಾರನ್ನು ನುಂಗಬಲ್ಲದು. ಬ್ಯಾಕ್ಟೀರಿಯಾಗಳೂ ಸುಮ್ಮನಿರುವುದಿಲ್ಲ, ಮೇಯುವವರು ಹೆಚ್ಚಿದಾಗ ಬಾಯಿಗೆ ಹಿಡಿಯದಷ್ಟು ಉದ್ದನೆಯ ಎಳೆಗಳಾಗಿ ಬೆಳೆಯುವ ಬಗೆಗಳು ಮುಂದೆ ಬರುತ್ತವೆ.

ಹೀಗೆ ತಿಂದವರನ್ನು ನೀರಿನ ಚಿಗಟಗಳು ತಿನ್ನುತ್ತವೆ, ಚಿಗಟಗಳನ್ನು ಮೀನುಮರಿಗಳು. ಹಾಗೆಂದು ಜಲಾಶಯದ ನೀರನ್ನು ಸೋಸದೆ, ಶುದ್ಧೀಕರಿಸದೆ ಕುಡಿಯಬೇಡಿ. ಈ ಜೀವಿಗಳು ಹೊಟ್ಟೆಪಾಡಿಗೆ ಮೇಯುತ್ತವೆ, ನಮ್ಮ ಆರೋಗ್ಯದ ಹೊಣೆ ಹೊತ್ತಿಲ್ಲ. ಆದರೆ ಕೊಳಚೆಯನ್ನು ನೀರಿಗೆ ಬಿಡುವ ಮುನ್ನ ನೆನಪಿರಲಿ: ನಾವು ಕದಡುವುದು ಬರಿಯ ನೀರನ್ನಲ್ಲ, ನಡೆಯುತ್ತಿರುವ ಒಂದು ಲೆಕ್ಕವನ್ನು.