ಮಾತು ಬಾರದ ಮಗುವಿನ ಸಾಕ್ಷ್ಯ: ದುಭಾಷಿ ಯಾರಾಗಬೇಕು?

ಅಂಗವೈಕಲ್ಯವಿರುವ ಮಗುವಿನ ಹೇಳಿಕೆ ಪಡೆಯುವಾಗ ಯಾರ ನೆರವು ತೆಗೆದುಕೊಳ್ಳಬಹುದು ಎಂಬುದನ್ನು 2012ರ ಪೋಕ್ಸೊ ಕಾಯ್ದೆಯ 26 ಮತ್ತು 38ನೇ ಕಲಂಗಳು ಹೇಳುತ್ತವೆ: ವಿಶೇಷ ಶಿಕ್ಷಕರು, ಆ ಕ್ಷೇತ್ರದ ತಜ್ಞರು, ಇಲ್ಲವೇ ಮಗು ತನ್ನ ಮನಸ್ಸಿನಲ್ಲಿರುವುದನ್ನು ತಿಳಿಸುವ ರೀತಿಯನ್ನು ಬಲ್ಲವರು. ತೊಡಕಿರುವುದು ಈ ಕೊನೆಯವರಲ್ಲಿ. ಸೆರೆಬ್ರಲ್ ಪಾಲ್ಸಿ ಇರುವ ಒಂದು ಮಗು ಕಣ್ಣು ಮೇಲೆತ್ತಿದರೆ ‘ಹೌದು’, ಮುಖ ತಿರುಗಿಸಿದರೆ ‘ಬೇಡ’ ಎಂಬುದು ಅದಕ್ಕೆ ಉಣ್ಣಿಸಿ, ಸ್ನಾನ ಮಾಡಿಸುವವರಿಗಷ್ಟೇ ಗೊತ್ತಿರಬಹುದು. ದೌರ್ಜನ್ಯ ನಡೆದದ್ದು ಮನೆಯಲ್ಲೋ ವಸತಿ ಶಾಲೆಯಲ್ಲೋ ಆಗಿದ್ದರೆ, ಹೀಗೆ ಬಲ್ಲವರು ಆರೋಪಿಯೇ ಆಗಿರಬಹುದು, ಆರೋಪಿಯ ಹತ್ತಿರದವರೂ ಆಗಿರಬಹುದು.

ಮಗುವಿನ ಪರವಾಗಿರುವ ತಾಯಿಯೇ ದುಭಾಷಿಯಾದರೂ ಸಮಸ್ಯೆ ತೀರುವುದಿಲ್ಲ. ರಾಜಸ್ಥಾನ ಸರ್ಕಾರ ಮತ್ತು ದರ್ಶನ್ ಸಿಂಗ್ ನಡುವಿನ ಪ್ರಕರಣದಲ್ಲಿ (2012) ಕಿವಿ ಕೇಳಿಸದ, ಮಾತು ಬಾರದ ಮಹಿಳೆಯ ಸನ್ನೆಗಳನ್ನು ನ್ಯಾಯಾಲಯಕ್ಕೆ ಬಿಡಿಸಿ ಹೇಳಿದವರು ಅವರ ತಂದೆ. ಇಂಥವರ ಸಾಕ್ಷ್ಯ ಕಾನೂನಿಗೆ ಮಾನ್ಯವೆಂದ ಸುಪ್ರೀಂ ಕೋರ್ಟ್, ದುಭಾಷಿಗೆ ಪ್ರಕರಣದಲ್ಲಿ ಹಿತಾಸಕ್ತಿ ಇರಬಾರದು, ಅರ್ಥದ ಜೊತೆಗೆ ಸನ್ನೆಗಳೂ ದಾಖಲಾಗಬೇಕು ಎಂದಿತು. ಆರೋಪಿಯ ಖುಲಾಸೆ ಉಳಿಯಿತು. ಅದು ಕೊಲೆ ಪ್ರಕರಣ, ಸಾಕ್ಷಿ ವಯಸ್ಕರು, ನಿಜ. ಆದರೆ ಪಾಟೀಸವಾಲಿನಲ್ಲಿ ಮಗುವಿನ ತಾಯಿಯ ಮುಂದೆಯೂ ಇದೇ ಆಕ್ಷೇಪ ಬರುತ್ತದೆ. ಪರಿಚಿತರಿರಲಿ ಎನ್ನುತ್ತದೆ ಒಂದು ಕಾನೂನು. ನಿಷ್ಪಕ್ಷಪಾತಿಗಳಿರಲಿ ಎನ್ನುತ್ತದೆ ಸಾಕ್ಷ್ಯದ ನಿಯಮ. ಇವೆರಡೂ ಒಬ್ಬರಲ್ಲೇ ಸಿಗುವುದು ವಿರಳ.

ಸನ್ನೆಯ ದಾಖಲೆಯ ಕೊರತೆಯನ್ನು ಅಂದಿನ ಸಾಕ್ಷ್ಯ ಕಾಯ್ದೆಯ 2013ರ ತಿದ್ದುಪಡಿ ತುಂಬಿತು: ದುಭಾಷಿಯ ಅಥವಾ ವಿಶೇಷ ಶಿಕ್ಷಕರ ನೆರವಿನಿಂದ ಪಡೆದ ಹೇಳಿಕೆಯ ವಿಡಿಯೊ ಚಿತ್ರೀಕರಣ ಕಡ್ಡಾಯವಾಯಿತು. ಇಂದಿನ ಭಾರತೀಯ ಸಾಕ್ಷ್ಯ ಅಧಿನಿಯಮದ 125ನೇ ಕಲಂನಲ್ಲೂ ಅದು ಉಳಿದಿದೆ. ದುಭಾಷಿಗಳನ್ನು ಹುಡುಕುವ ಕೆಲಸ ಮಾತ್ರ ಠಾಣೆಯ ಪಾಲಿಗೆ ಬಿದ್ದಿದೆ. ಪಟಾನ್ ಜಮಾಲ್ ವಲಿ ಪ್ರಕರಣದಲ್ಲಿ (2021) ಸುಪ್ರೀಂ ಕೋರ್ಟ್, ವಿಶೇಷ ಶಿಕ್ಷಕರು ಮತ್ತು ದುಭಾಷಿಗಳ ಪಟ್ಟಿ ಠಾಣೆಗಳಿಗೆ ಸಿಗುವಂತಿರಬೇಕು, ಅಪರಾಧ ಅಂಕಿಅಂಶಗಳಲ್ಲಿ ಅಂಗವೈಕಲ್ಯವನ್ನೂ ನಮೂದಿಸುವುದನ್ನು ಪರಿಗಣಿಸಬೇಕು ಎಂದಿತ್ತು.

ಅಂಕಿಅಂಶದ ಬಗ್ಗೆ ಒಂದು ಮಾತು. ಅಂಗವೈಕಲ್ಯವಿರುವ ಮಕ್ಕಳ ಮೇಲೆ ಹಿಂಸೆಯ ಸಾಧ್ಯತೆ ಇತರ ಮಕ್ಕಳಿಗಿಂತ 3.7 ಪಟ್ಟು ಹೆಚ್ಚು ಎಂದು ಎಲ್ಲೆಡೆ ಉಲ್ಲೇಖಿಸುತ್ತಾರೆ. ಅದು 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಂದಾಜು. ಆಧಾರ ಶ್ರೀಮಂತ ದೇಶಗಳ ಅಧ್ಯಯನಗಳು. ಭಾರತದ ಸ್ಥಿತಿಗೆ ಅದನ್ನು ನೇರವಾಗಿ ಅನ್ವಯಿಸುವುದು ಸರಿಯಲ್ಲ.

ನನ್ನ ದೃಷ್ಟಿಯಲ್ಲಿ ಪರಿಹಾರದ ಒಂದು ಪಾಲು ದೂರಿಗೂ ಮೊದಲೇ, ಶಾಲೆಯಲ್ಲೇ ಆಗಬೇಕು. ವಿಶೇಷ ಶಿಕ್ಷಕರು ಪ್ರತಿ ಮಗುವಿಗೂ ಬರೆಯುವ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ ಮಗುವಿನ ‘ಹೌದು’, ‘ಬೇಡ’, ‘ನೋವು’ಗಳ ಸನ್ನೆಗಳು ದಿನಾಂಕಸಹಿತ ದಾಖಲಾಗಿದ್ದರೆ, ಹೊರಗಿನ ದುಭಾಷಿಯೂ ಅವನ್ನು ಓದಬಲ್ಲ. ಮಗು ಬೆರಳಿಟ್ಟು ತೋರಿಸುವ ಚಿತ್ರಫಲಕದಲ್ಲಿ ಅನ್ನ, ನೀರು, ಚೆಂಡು, ಶೌಚಾಲಯ ಇರುತ್ತವೆ. ಗುಪ್ತಾಂಗಗಳ ಚಿತ್ರ ಹಾಕಲು ದೊಡ್ಡವರಿಗೆ ಸಂಕೋಚ. ದೂರು ದಾಖಲಾದ ಮೇಲೆ ಆ ಚಿತ್ರ ಅಂಟಿಸಿದರೆ, ಹೇಳಿಕೊಟ್ಟು ಹೇಳಿಸಿದ್ದು ಎಂದು ಆರೋಪಿಯ ವಕೀಲರು ವಾದಿಸುವುದು ಖಚಿತ.