ನವರಂಗ್ ಹತ್ತಿರದ ಸ್ವೆಟರ್ ಸಾಲು

ದೀಪಾವಳಿ ಕಳೆಯುತ್ತಿದ್ದಂತೆ ರಾಜಾಜಿನಗರದ ನವರಂಗ್ ಟಾಕೀಸಿನ ಆಸುಪಾಸು ಹಗ್ಗ ಕಟ್ಟಿ ಸ್ವೆಟರ್ ತೂಗುಹಾಕುತ್ತಿದ್ದವರನ್ನು ಅಮ್ಮ 'ನೇಪಾಳದವರು' ಅಂತಲೇ ಕರೆಯುತ್ತಿದ್ದಳು. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಒಂದು ಸಂಜೆ ಚೌಕಾಸಿ ಜೋರಾಗಿತ್ತು.

"ಅಷ್ಟಕ್ಕೆ ಗಿಟ್ಟಲ್ಲ ಅಕ್ಕ, ಲೂಧಿಯಾನದಿಂದ ಸಾಲದ ಮೇಲೆ ತಂದಿರೋದು."

ಕನ್ನಡ ಕೇಳಿ ಅಮ್ಮ ತಬ್ಬಿಬ್ಬಾದಳು. "ಯಾವೂರಮ್ಮ ನಿಂದು?"

"ಪಿರಿಯಾಪಟ್ಟಣದ ಹತ್ರ, ಬೈಲುಕುಪ್ಪೆ."

"ಹಾಗಾದ್ರೆ ನಮ್ಮೋರೇ ಬಿಡು" ಎಂದ ಅಮ್ಮ, ಆಮೇಲೂ ಎರಡು ರೂಪಾಯಿ ಇಳಿಸಿಯೇ ಕೊಂಡಳು.

ನಮ್ಮವರು ಎಂದು ಬಾಯಲ್ಲಿ ಹೇಳಿದಷ್ಟು ಸುಲಭವಾಗಿ ಕಾಗದ ಹೇಳುವುದಿಲ್ಲ. ಆ ವ್ಯಾಪಾರಿಗಳು ಟಿಬೆಟಿನವರು. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಗಡಿ ದಾಟಿ ಬಂದರು, ಹಿಂದೆಯೇ ಸಾವಿರಾರು ಜನ. ನೆಲ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಟಿಬೆಟನ್ನರು ಇದಕ್ಕೆ ಇಂದಿಗೂ ನೆನೆಯುವುದು ನಿಜಲಿಂಗಪ್ಪನವರನ್ನು. ಆದರೆ ನೆಲ ಕೊಟ್ಟ 1960ರಲ್ಲಿ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ಜತ್ತಿಯವರ ಹೆಸರು ಯಾರೂ ಎತ್ತುವುದಿಲ್ಲ, ಪಾಪ.

ಕೊಟ್ಟದ್ದು ಕಾಡು. ಹಿಮದ ನಾಡಿನವರು ಬಿಸಿಲಲ್ಲಿ ಮರ ಕಡಿದು, ಬಿದಿರು ಸವರಿ, ಆನೆಗಳನ್ನು ಅಟ್ಟುತ್ತಾ ಮುಸುಕಿನ ಜೋಳ ಬಿತ್ತಿದರು. ಮಳೆ ನಂಬಿದ ಒಂದೇ ಬೆಳೆ. ಕಟಾವು ಮುಗಿದ ಮೇಲೆ ಕೈ ಖಾಲಿ. ಆ ಖಾಲಿ ತಿಂಗಳುಗಳಿಗೆ ಒದಗಿದ ಕಸುಬೇ ಸ್ವೆಟರ್ ವ್ಯಾಪಾರ. ಚಳಿ ಅವರಿಗೆ ಗೊತ್ತಿದ್ದ ಸರಕು ಎಂದು ನಾನು ತಮಾಷೆ ಮಾಡುವುದುಂಟು.

ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಹಾಗಾಗಿ ನೆಲ, ಶಾಲೆ, ಮಠ ಎಲ್ಲ ಸಿಕ್ಕಿದರೂ ಕಾನೂನಿನ ಕಣ್ಣಿಗೆ ಇವರು ವಿದೇಶಿಯರು. ಫೋಟೊ ಅಂಟಿಸಿದ ನೋಂದಣಿ ಪುಸ್ತಕವನ್ನು ಮತ್ತೆ ಮತ್ತೆ ನವೀಕರಿಸಿಕೊಳ್ಳಬೇಕು. ಉಪಕಾರ ದೊಡ್ಡದು, ನಿಜ. ಆದರೆ ಉಪಕಾರವನ್ನು ಕೋರ್ಟಿನಲ್ಲಿ ಕೇಳಿ ಪಡೆಯಲಾಗದು. ಹಕ್ಕನ್ನು ಪಡೆಯಬಹುದು: 2013ರಲ್ಲಿ ಕರ್ನಾಟಕ ಹೈಕೋರ್ಟ್, 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು ಎಂದಿತು.

ಕೆಂಗೇರಿ ದಾಟಿದರೆ ಹೆಜ್ಜಾಲದ ಬಳಿ ಶೇಷಗಿರಿಹಳ್ಳಿಯಲ್ಲಿ ಈಗ ದಲೈ ಲಾಮಾ ಹೆಸರಿನ ಕಾಲೇಜಿದೆ. ಹೋದ ವರ್ಷ ಬಿಡದಿ ಬಸ್ಸಿನಲ್ಲಿ ಅಲ್ಲಿನ ಹುಡುಗಿಯೊಬ್ಬಳು ಪಕ್ಕ ಕೂತಳು.

"ನಿಮ್ಮನೇಲೂ ಸ್ವೆಟರ್ ವ್ಯಾಪಾರವಾ?"

"ಅಜ್ಜಿ ಮಾಡ್ತಿದ್ರು ಆಂಟಿ. ಅಮ್ಮ ಬಿಟ್ಬಿಟ್ರು, ಮಂಡಿನೋವು."

ಅವಳ ಅಮ್ಮ 1975ರಲ್ಲಿ ಬೈಲುಕುಪ್ಪೆಯಲ್ಲೇ ಹುಟ್ಟಿದವರಂತೆ. ಹಾಗಿದ್ದರೆ ಪಾಸ್‌ಪೋರ್ಟ್ ಸಿಗುತ್ತಲ್ಲ, ಅರ್ಜಿ ಹಾಕಿದ್ದಾರಾ ಎಂದೆ.

"ಅಜ್ಜಿ ಬೇಡ ಅಂತಾರೆ" ಎಂದು ನಕ್ಕಳು. "ಊರಿಗೆ ವಾಪಸ್ ಹೋಗೋವಾಗ ತೊಂದ್ರೆ ಆಗುತ್ತಂತೆ."

ಕಂಡಕ್ಟರು ಹೆಜ್ಜಾಲ ಎಂದು ಕೂಗಿದ. ಹುಡುಗಿ ಬ್ಯಾಗೆತ್ತಿಕೊಂಡು ಇಳಿದಳು.