ಹಾಜರಿ ಪುಸ್ತಕದ ಹೊರಗಿನ ಕೈಗಳು

ಫರೀದಾಬಾದ್ ಎಂದೊಡನೆ ನಮ್ಮ ನೆಂಟರಿಷ್ಟರಿಗೆ ನೆನಪಾಗುವುದು ಕಾರ್ಖಾನೆಗಳು. ಎಸ್ಕಾರ್ಟ್ಸ್ ಟ್ರಾಕ್ಟರು, ಬಲ್ಲಭಗಢದ ಗುಡ್‌ಇಯರ್ ಟೈರು ಮೊದಲಾದ ಹೆಸರುಗಳನ್ನು ಊರಿನಲ್ಲಿದ್ದವರೂ ಕೇಳಿದ್ದಾರೆ. ಆದರೆ ದೊಡ್ಡ ಗೇಟುಗಳನ್ನು ಬಿಟ್ಟು ಹಿಂದಿನ ಗಲ್ಲಿಗಳನ್ನು ಹೊಕ್ಕರೆ ಇನ್ನೊಂದು ಫರೀದಾಬಾದ್ ಕಣ್ಣಿಗೆ ಬೀಳುತ್ತದೆ. ಒಬ್ಬನಲ್ಲಿ ಒಂದೇ ಒಂದು ಲೇತ್ ಯಂತ್ರ. ಅವನು ಬಿಡಿಭಾಗ ಕಡೆದು ಕೊಡುತ್ತಾನೆ. ಎರಡನೆಯವನು ಅದನ್ನು ಉಜ್ಜಿ ನಯಮಾಡುತ್ತಾನೆ, ಮೂರನೆಯವನು ಪ್ಲೇಟಿಂಗ್ ಮಾಡುತ್ತಾನೆ. ಮನೆಯೊಳಗೆ ಹೆಂಗಸರು ಕತ್ತರಿಸಿದ ಬಟ್ಟೆ ತರಿಸಿಕೊಂಡು ಪೀಸಿಗಿಷ್ಟು ಎಂದು ಹೊಲಿದು ಕೊಡುತ್ತಾರೆ. ಇದಕ್ಕೆಲ್ಲ ಇಲ್ಲಿಯ ಜನ ಇಟ್ಟ ಹೆಸರು ‘ಜಾಬ್ ವರ್ಕ್’.

ಈಗೀಗ ಲೆಕ್ಕ ಬರೆಯುವವರು, ವಿನ್ಯಾಸ ಬಿಡಿಸುವವರು, ಕಂಪ್ಯೂಟರ್ ಕೆಲಸ ಮಾಡುವವರು ಕೂಡ ಹೀಗೆಯೇ ಮನೆಯಲ್ಲಿ ಕುಳಿತು ನಾಲ್ಕಾರು ಕಡೆಗೆ ಕೆಲಸ ಮಾಡಿಕೊಡುತ್ತಾರೆ. ಅವರನ್ನು ಫ್ರೀಲಾನ್ಸರ್ ಎನ್ನುತ್ತೇವೆ. ಹೆಸರು ಹೊಸದು, ಸಂಬಂಧ ಬಹು ಹಳೆಯದು. ಕೆಲಸ ಕೊಡುವವನು ಪೂರ್ತಿ ಯಜಮಾನನಲ್ಲ, ಮಾಡುವವನು ಪೂರ್ತಿ ನೌಕರನಲ್ಲ. ಹಾಗಾದರೆ ನಷ್ಟ ಬಂದಾಗ ಅದನ್ನು ಹೊರುವವರು ಯಾರು? ಈ ಪ್ರಶ್ನೆಯ ಇತಿಹಾಸವನ್ನು ಹುಡುಕುತ್ತ ಹೋದರೆ ನಮ್ಮ ಮಂಗಳೂರೂ ಈ ಫರೀದಾಬಾದೂ ಒಂದೆಡೆ ಸೇರುತ್ತವೆ ಎಂಬುದು ಸೋಜಿಗದ ಸಂಗತಿ.

ದೇಶ ವಿಭಜನೆಯಾದಾಗ ವಾಯವ್ಯ ಗಡಿನಾಡಿನ ಬನ್ನೂ ಮುಂತಾದ ಕಡೆಗಳಿಂದ ಓಡಿಬಂದ ಜನ ಮೊದಲು ಕುರುಕ್ಷೇತ್ರದ ಶಿಬಿರದಲ್ಲಿ ದಿನ ಕಳೆದರು. ಅವರಿಗಾಗಿ ದೆಹಲಿಯ ಸಮೀಪ ಹೊಸ ಊರೊಂದನ್ನು ಕಟ್ಟಲು 1949ರಲ್ಲಿ ಫರೀದಾಬಾದ್ ಅಭಿವೃದ್ಧಿ ಮಂಡಲಿ ಏರ್ಪಟ್ಟಿತು. ಬಾಬು ರಾಜೇಂದ್ರ ಪ್ರಸಾದರು ಅದರ ಅಧ್ಯಕ್ಷರು. ಪ್ರಧಾನಿ ನೆಹರೂ ಅವರೇ ಸಭೆಗಳಿಗೆ ಬಂದು ಕೂರುತ್ತಿದ್ದರು. ಇಂದು ನಾವು ಎನ್.ಐ.ಟಿ. ಎಂದು ಕರೆಯುವ ಬಡಾವಣೆ ಆ ಊರೇ. ಬಿ.ಕೆ. ಚೌಕದ ಹೆಸರಿನಲ್ಲಿರುವ ಬಾದಶಾಹ್ ಖಾನರು ಆ ಗಡಿನಾಡಿನ ನಾಯಕರು.

ಈ ಕೆಲಸಕ್ಕೆ ಹೆಗಲು ಕೊಟ್ಟವರಲ್ಲಿ ಮುಖ್ಯರು ಕಮಲಾದೇವಿ ಚಟ್ಟೋಪಾಧ್ಯಾಯರು. 1903ರ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಹುಟ್ಟಿದ ಈ ಮಹಿಳೆ ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡವರು. 1948ರಲ್ಲಿ ಅವರು ತಮ್ಮ ಜೊತೆಗಾರರೊಂದಿಗೆ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಸ್ಥಾಪಿಸಿದರು. ಮನೆ ಕಟ್ಟುವ ಕೆಲಸ ಕಂಟ್ರಾಕ್ಟರುಗಳ ಪಾಲಾಗದೆ ನಿರಾಶ್ರಿತರ ಕೈಗೇ ಬರಬೇಕೆಂಬುದು ಅವರ ಹಟ. ಲೋಕೋಪಯೋಗಿ ಇಲಾಖೆಗೆ ಇದು ರುಚಿಸಲಿಲ್ಲ. ಆದರೂ ಜನ ಸಹಕಾರ ಸಂಘಗಳನ್ನು ಮಾಡಿಕೊಂಡು ಊರಿನ ದೊಡ್ಡ ಭಾಗವನ್ನು ತಾವೇ ಕಟ್ಟಿಕೊಂಡರು. ‘ಕೈ ಕೆಸರಾದರೆ ಬಾಯಿ ಮೊಸರು’ ಎನ್ನುತ್ತೇವೆ; ಕೆಸರಾದ ಕೈಯ ಬಾಯಿಗೇ ಮೊಸರು ಸೇರಬೇಕಾದರೆ ನಡುವಿನ ಕೈಗಳು ಕಡಿಮೆಯಾಗಬೇಕೆಂಬುದನ್ನು ಆ ಜನ ಮಾಡಿ ತೋರಿಸಿದರು. ಸಹಕಾರದ ಆ ಪ್ರಯೋಗ ಬಹುಕಾಲ ಬಾಳಲಿಲ್ಲ, ಊರು ಉಳಿಯಿತು.

1952ರಲ್ಲಿ ಅದೇ ಯೂನಿಯನ್ನಿಗೆ ದೆಹಲಿಯ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಮ್ಮಿನ ಆಡಳಿತ ವಹಿಸಲಾಯಿತು. ಆ ವರ್ಷವೇ ಹುಟ್ಟಿದ ಅಖಿಲ ಭಾರತ ಕರಕುಶಲ ಮಂಡಲಿಗೆ ಕಮಲಾದೇವಿಯವರೇ ಅಧ್ಯಕ್ಷೆಯಾದರು. 1976ರಲ್ಲಿ ಎಂಪೋರಿಯಮ್ ಸರ್ಕಾರದ ನಿಗಮವಾಯಿತು. ನೆಂಟರು ಬಂದಾಗ ಜನಪಥದಲ್ಲಿ ನಾವು ತಪ್ಪದೆ ತೋರಿಸುವ ಅಂಗಡಿ ಇದೇ.

ಇಂಥ ಅಂಗಡಿಗೆ ಸಾಮಾನು ಕೊಡುವವರು ಅದರ ನೌಕರರಲ್ಲ. ನೇಕಾರನೋ ಬಡಗಿಯೋ ಬೊಂಬೆ ಕೆತ್ತುವವನೋ ತನ್ನ ಮನೆಯಲ್ಲಿ, ತನ್ನ ಉಪಕರಣದಿಂದ ಮಾಡುತ್ತಾನೆ. ಅವನೊಡನೆ ವ್ಯವಹರಿಸುವವನಿಗೆ ಎರಡು ದಾರಿ. ‘ಮಾರಾಟವಾದ ಮೇಲೆ ದುಡ್ಡು’ ಎಂದರೆ ಅಂಗಡಿಯ ನಷ್ಟವನ್ನು ಕುಶಲಕರ್ಮಿಯೇ ಹೊತ್ತಂತಾಯಿತು. ನೂಲು, ಮರ, ಬಣ್ಣ ಸಾಲ ತಂದಿರುವ ಅವನು ಆ ದಿನದವರೆಗೆ ಊಟಕ್ಕೇನು ಮಾಡಬೇಕು? ಮಾದರಿ ನೋಡಿ, ಬೆಲೆ ಒಪ್ಪಿ, ಸಾಮಾನಿಗೆ ಮುಂಗಡ ಕೊಟ್ಟು, ಮಾಲು ಬಂದೊಡನೆ ಉಳಿದದ್ದನ್ನು ತೀರಿಸುವುದು ಎರಡನೆಯ ದಾರಿ. ಇಲ್ಲಿ ಮಾರುಕಟ್ಟೆಯ ಅಪಾಯ ಅದನ್ನು ಬಲ್ಲವನ ತಲೆಯ ಮೇಲೆ ಇರುತ್ತದೆ.

ಆದರೆ ಮುಂಗಡವೂ ಸಂಕೋಲೆಯಾಗಬಹುದು. ಈಸ್ಟ್ ಇಂಡಿಯಾ ಕಂಪೆನಿ ಬಂಗಾಳದಲ್ಲಿ ದಾದ್ನಿ ಎಂಬ ಮುಂಗಡದ ಪದ್ಧತಿಯಲ್ಲಿ ಬಟ್ಟೆ ಕೊಳ್ಳುತ್ತಿತ್ತು. 1753ರಲ್ಲಿ ನಡುವಿನ ವರ್ತಕರನ್ನು ಬಿಟ್ಟು ತನ್ನದೇ ಗುಮಾಸ್ತರನ್ನು ನೇಮಿಸಿತು. ಕ್ರಮೇಣ ಅವರ ಮುಂಗಡ ಹಿಡಿದ ನೇಕಾರ ಬೇರೆಯವರಿಗೆ ಮಾರುವಂತಿಲ್ಲ, ಅವರು ಹೇಳಿದ್ದೇ ಬೆಲೆ ಎಂಬಂತಾಯಿತು. ಗುಮಾಸ್ತ ಎಂಬ ಹೆಸರಿಗೆ ಆಗ ಬಂದ ಅಪಖ್ಯಾತಿ ಇಂದು ಫೈಲು ಹೊರುವ ನಮ್ಮಂಥವರಿಗೆ ಅಂಟದಿರಲಿ!

ನಮ್ಮ ದಕ್ಷಿಣ ಕನ್ನಡದ ಬೀಡಿಯ ಕತೆಯೂ ಇದೇ ಜಾಡಿನದು. ಎಲೆ, ಹೊಗೆಸೊಪ್ಪು ಮನೆಗೆ ಬರುತ್ತವೆ. ಹೆಂಗಸರು ಸುರುಳಿ ಸುತ್ತಿ ಸಾವಿರದ ಲೆಕ್ಕದಲ್ಲಿ ಒಪ್ಪಿಸುತ್ತಾರೆ. ಸರಿಯಿಲ್ಲವೆಂದು ತೆಗೆದುಹಾಕಿದ ಬೀಡಿಗೆ ಕೂಲಿಯಿಲ್ಲ. ಎಷ್ಟು ತೆಗೆಯಬಹುದು ಎಂಬುದೇ ದೊಡ್ಡ ಜಗಳ. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಸುತ್ತುವವರನ್ನೂ ಕಾರ್ಮಿಕರೆಂದು ಎಣಿಸಿತು. ಮಂಗಳೂರಿನ ಗಣೇಶ ಬೀಡಿ ಸಂಸ್ಥೆ ಮೊದಲಾದವರು ಅದನ್ನು ಪ್ರಶ್ನಿಸಿದಾಗ, 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ಅದಕ್ಕೆ ಮುನ್ನ, 1973ರಲ್ಲಿ, ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಎಂಬ ಅಂಗಡಿಯ ಮೊಕದ್ದಮೆಯಲ್ಲಿ ಇದೇ ನ್ಯಾಯಾಲಯ ಒಂದು ಸೂಕ್ಷ್ಮವನ್ನು ಬಿಡಿಸಿ ಹೇಳಿತ್ತು. ದರ್ಜಿಗೆ ಪೀಸಿನ ಲೆಕ್ಕದಲ್ಲಿ ಹಣ. ಅವನು ಬೇರೆ ಅಂಗಡಿಗೂ ಹೊಲಿಯಬಹುದು. ಆದರೂ ಅಂಗಡಿಯ ಯಂತ್ರದ ಮೇಲೆ ಹೊಲಿಯುವ, ‘ಸರಿಯಿಲ್ಲ, ಮತ್ತೆ ಹೊಲಿ’ ಎಂದು ಹೇಳಿಸಿಕೊಳ್ಳುವ ದರ್ಜಿ ನೌಕರನೇ ಎಂದು ತೀರ್ಪಾಯಿತು. ಫ್ರೀಲಾನ್ಸರ್ ಎಂದು ಹಣೆಗೆ ಚೀಟಿ ಅಂಟಿಸಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ ಎಂಬ ಪಾಠವನ್ನು ಸಣ್ಣ ಉದ್ಯಮ ನಡೆಸುವವರು ಇದರಿಂದ ಕಲಿಯಬೇಕು. ದಿನವಿಡೀ ಅಪ್ಪಣೆ ಮಾಡುವ ಅಧಿಕಾರ ಬೇಕೆನ್ನುವವನು ಸಂಬಳವನ್ನೂ ಕೊಡಬೇಕು. ಕೆಲಸ ಮಾತ್ರ ಬೇಕೆನ್ನುವವನು ಮಾಡುವವನ ಸ್ವಾತಂತ್ರ್ಯವನ್ನು ಒಪ್ಪಬೇಕು.

ಸರ್ಕಾರಿ ಕಚೇರಿಯ ನಮಗೆ ತಿಂಗಳ ಕೊನೆಗೆ ಸಂಬಳ ನಿಶ್ಚಿತ. ಒಂದು ವಾರ ತಡವಾದರೆ ಯೂನಿಯನ್ನಿನವರು ಗೇಟಿಗೆ ಬರುತ್ತಾರೆ. ಬಿಡಿ ಕೆಲಸಗಾರನಿಗೆ ಯಾವ ಗೇಟೂ ಇಲ್ಲ. 2006ರ ಸಣ್ಣ ಉದ್ಯಮಗಳ ಕಾಯ್ದೆಯಂತೆ, ನೋಂದಾಯಿಸಿಕೊಂಡ ಸಣ್ಣ ತಯಾರಕನಿಗೂ ಸೇವೆ ಒದಗಿಸುವವನಿಗೂ ಒಪ್ಪಿದ ಗಡುವಿನೊಳಗೆ, ಹೆಚ್ಚೆಂದರೆ 45 ದಿನದಲ್ಲಿ, ಹಣ ಸಲ್ಲಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಆದರೆ ಮುಂದಿನ ಕೆಲಸ ಕೈತಪ್ಪೀತೆಂಬ ಹೆದರಿಕೆಯಿಂದ ಕೇಳುವವರು ಎಷ್ಟು ಮಂದಿ?

ನಮ್ಮ ಕನ್ನಡ ಕುಟುಂಬಗಳಲ್ಲಿ ಈಗ ಕೆಲಸ ಕೊಡುವವರೂ ಇದ್ದಾರೆ, ಮಾಡಿಕೊಡುವವರೂ ಇದ್ದಾರೆ. ಒಬ್ಬೊಬ್ಬರ ಮನೆಯಲ್ಲಿ ಎರಡೂ ಉಂಟು. ಮಾದರಿ ಯಾವುದು, ದರವೆಷ್ಟು, ಮುಗಿಸುವ ದಿನ ಯಾವುದು, ಎಷ್ಟು ಸಲ ತಿದ್ದಿಸಬಹುದು, ತಿರಸ್ಕರಿಸಿದರೆ ಕಾರಣವೇನು, ಹಣ ಎಂದು — ಈ ಆರು ಮಾತುಗಳನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದಿಡಲು ಕಾಲುಗಂಟೆ ಸಾಕು. ನಮ್ಮವರೇ ತಾನೆ ಎಂಬ ಸಲಿಗೆಯಿಂದ ಬರೆಯದೆ ಬಿಟ್ಟಲ್ಲಿಯೇ ಸ್ನೇಹ ಹೆಚ್ಚು ಕೆಡುವುದು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನ ಲೆಕ್ಕವನ್ನು ಮೊದಲು ತೀರಿಸುವವನಿಗೆ ಮುಂದಿನ ಸಲ ಒಳ್ಳೆಯ ಕೈಗಳು ತಾವಾಗಿ ದೊರೆಯುತ್ತವೆ.